ಭೀಮಾ ಹೊಳಿ ಗಾಳ ಕಾರವಾರ ಸಮುದ್ರಕ್ಕ ನಡೀತದೇನ್ರಿ?

ಪ್ರಶ್ನೆ (ಕಲಬುರಗಿ):
ಕಟ್ಲಾ, ರೋಹು ಹಿಡಿಯೋ 8 ಅಡಿ ಕೋಲು, 4000 ಸೈಜಿನ ರೀಲ್, 0.35 ಎಂಎಂ ನೈಲಾನ್ ದಾರ ಅದ. ಡಿಸೆಂಬರ್‌ನಾಗ ಕಾರವಾರದಾಗ ದಂಡಿ ಬಂಡೆಗಲ್ಲಿನ ಮ್ಯಾಲಿಂದ ಗಾಳ ಹಾಕಬೇಕು. ಏನೇನು ಬದಲಿ ಮಾಡ್ಲಿ?

ಉತ್ತರ (ಯಾದಗಿರಿ):
ಕೋಲು, ರೀಲ್ ಇರ್ಲಿ. ದಾರ ಬದಲಿ ಮಾಡ್ರಿ. ಕಲ್ಲಿಗೆ ಅಂಟಿದ ಚಿಪ್ಪು ತೆಳು ನೈಲಾನ್ ಕೊಯ್ದು ಹಾಕ್ತಾವ. 30 ಪೌಂಡ್ ತೂಕ ತಾಳೋ ಬ್ರೇಡ್ (ಎಳಿ ಹೆಣೆದ ದಾರ), ತುದಿಗೆ ಒಂದೂವರೆ ಮೀಟರ್ 50 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ತಿಕ್ಕಾಟ ತಾಳೋ ಗಟ್ಟಿ ತುದಿದಾರ), ಎರಡೂ ಕೂಡೋ ಕಡಿ ಎಫ್‌ಜಿ ಗಂಟು (ಬ್ರೇಡ್ ಲೀಡರಿಗೆ ಸುತ್ತಿ ಕಟ್ಟೋ ತೆಳು ಗಂಟು). ಬಿಗಿ ಮಾಡೋ ಮುಂಚೆ ಗಂಟು ತೋಯಿಸ್ರಿ. ಒಣದಾರ ತಿಕ್ಕಿ ಕಾದು ಸೊರಗ್ತದ. ಸ್ಪೂಲಿನ (ರೀಲಿನಾಗ ದಾರ ಸುತ್ತೋ ಉರುಳಿ) ಬುಡಕ್ಕ ಸ್ವಲ್ಪ ನೈಲಾನ್ ಸುತ್ತ್ರಿ, ಇಲ್ಲಾಂದ್ರ ಬ್ರೇಡ್ ಪೂರ್ತಿ ಜಾರಿ ತಿರಗ್ತದ. ಡ್ರ್ಯಾಗ್ (ಮೀನು ಜೋರು ಎಳೆದಾಗ ದಾರ ಬಿಡೋ ರೀಲಿನ ಬಿಗಿತ) ಬ್ರೇಡಿನ ಬಲದ ಕಾಲುಭಾಗಕ್ಕ ಇಡ್ರಿ, ಅಂದ್ರ ಸುಮಾರು 3.4 ಕೆಜಿ. ದಾರಕ್ಕ ಕೊಂಡಿ ಇರೋ ತೂಗುತಕ್ಕಡಿ ಕಟ್ಟಿ ಎಳೆದು ನೋಡ್ರಿ, ಕೈ ಅಂದಾಜು ಬ್ಯಾಡ.

ಉತ್ತರ (ಬೀದರ್):
ಗಾಳಕ್ಕ ಸಿಗಿಸೋ ಹಿಟ್ಟಿನ ಉಂಡಿ ಬಿಡ್ರಿ, ತಾಜಾ ಸಿಗಡಿ ತಗೋರಿ. ಸೀಸದ ಗುಂಡು 10 ಪೌಂಡಿನ ಸಣ್ಣ ದಾರಕ್ಕ ಬ್ಯಾರೆ ಕಟ್ರಿ. ಕಲ್ಲಿನ ಸಂದ್ಯಾಗ ಸಿಕ್ಕರ ಗುಂಡಷ್ಟೇ ಹೋಗ್ತದ, ಗಾಳ ಉಳೀತದ. ನೀರು ಏರೋ ಹೊತ್ತು ಚಲೋ. ಆದ್ರ ವಾಪಸ್ ಬರೋ ದಾರಿ ಮುಳಗ್ತದೇನು ಅಂತ ಉಬ್ಬರದ ವ್ಯಾಳಿ ಮೊದಲ ನೋಡ್ರಿ. ಹಸಿ, ಕಪ್ಪು ಕಲ್ಲಿನ ಮ್ಯಾಲ ಕಾಲಿಡಲೇ ಬ್ಯಾಡ್ರಿ.

ಉತ್ತರ (ಯಾದಗಿರಿ):
ಇನ್ನೊಂದು: ಅವತ್ತೇ ರಾತ್ರಿ ಡ್ರ್ಯಾಗ್ ಬಿಗಿ ಮಾಡಿ ರೀಲ್ ಮ್ಯಾಲ ಸಿಹಿನೀರು ಮೆಲ್ಲಗ ಚಿಮುಕಿಸ್ರಿ. ಪೈಪಿನಿಂದ ಜೋರು ಬಿಟ್ಟರ ಉಪ್ಪು ಬೇರಿಂಗ್ ಒಳಗ ಹೊಕ್ಕತದ. ಒಣಗಿದ ಮ್ಯಾಲ ಡ್ರ್ಯಾಗ್ ಸಡಿಲ ಬಿಟ್ಟು ಇಡ್ರಿ, ಲೈನ್ ರೋಲರಿಗೆ (ರೀಲಿನಾಗ ದಾರ ಹಾಯೋ ಸಣ್ಣ ಗಾಲಿ) ಒಂದು ಹನಿ ಎಣ್ಣಿ ಹಾಕ್ರಿ.