ಮಂಜು ಕೇಳಿದ ಹೊಳೆಯುವ ಬಣ್ಣದ ಬಗ್ಗೆ

ಮಂಜು, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಸುದ್ದಿಯನ್ನು ಎರಡು ಸಲ ಓದಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ವೇಳೆ ಒಂದು ಬಣ್ಣ ಚುಚ್ಚಿದರೆ ನರಗಳು ಹೊಳೆಯುತ್ತವಂತೆ, ಆಗ ಅವುಗಳಿಗೆ ಕತ್ತರಿಯೇ ತಾಗುವುದಿಲ್ಲವಂತೆ, ಅಪ್ಪನಿಗೂ ಅದು ಸಿಗುವವರೆಗೆ ಕಾಯೋಣವೇ ಎಂದು ಕೇಳಿದ್ದೀಯ. ಕಾಯಬೇಡಿ. ಶಸ್ತ್ರಚಿಕಿತ್ಸೆ ಯಾವಾಗ ಆಗಬೇಕು ಎಂಬುದನ್ನು ಬಯಾಪ್ಸಿ ಮತ್ತು ಎಂಆರ್‌ಐ ವರದಿ ಹೇಳಬೇಕು, ಮೊಬೈಲಿಗೆ ಬಂದ ಸುದ್ದಿಯಲ್ಲ. ಆದರೆ ಆ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ ಕೊಡುತ್ತಿದ್ದೇನೆ, ಸಮಾಧಾನದಿಂದ ಕೇಳು.

ಆರು ವರ್ಷಗಳ ಹಿಂದೆ ನನಗೂ ಇದೇ ಶಸ್ತ್ರಚಿಕಿತ್ಸೆ ಆಯಿತು. ಈ ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದಾರೆ, ಕಿರಿಯರಿದ್ದಾರೆ. ಆದರೂ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನನಗೆ ಅಂದು ಯಾರೂ ಬಿಡಿಸಿ ಹೇಳಲಿಲ್ಲ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ತೊಂದರೆಗಳು ಉಂಟಾಗಬಹುದು ಎಂಬ ಒಂದು ಸಾಲಿತ್ತು. ಎಂಥ ತೊಂದರೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕ್ಯಾನ್ಸರ್ ಹೋಯಿತು. ಮೂತ್ರದ ಮೇಲಿನ ಹಿಡಿತ ಮರಳಲು ಏಳು ತಿಂಗಳು ಬೇಕಾಯಿತು, ನಿಮಿರುವಿಕೆ ಅರ್ಧಂಬರ್ಧ ಮರಳಲು ಎರಡು ವರ್ಷ. ಆ ಎರಡು ವರ್ಷ ನಾನೂ ನಿನ್ನ ದೊಡ್ಡಮ್ಮನೂ ಒಂದೇ ಮನೆಯಲ್ಲಿದ್ದು ಆ ಮಾತನ್ನು ಮಾತ್ರ ಎತ್ತದೆ ದಿನ ದೂಡಿದೆವು. ನನ್ನ ತಮ್ಮನಿಗೆ ಆ ಮೌನ ಬೇಡ.

ಪ್ರಾಸ್ಟೇಟ್ ಎಂದರೆ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕುಳಿತಿರುವ ಅಕ್ರೋಟು ಗಾತ್ರದ ಗ್ರಂಥಿ. ಅದರ ಹಿಂಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ನರ ಮತ್ತು ರಕ್ತನಾಳಗಳು ಸೇರಿದ ಎರಡು ಕಟ್ಟುಗಳು ಗ್ರಂಥಿಗೆ ಅಂಟಿಕೊಂಡೇ ಹಾದುಹೋಗುತ್ತವೆ. ಕಟ್ಟು ಎಂದ ಕೂಡಲೇ ದಪ್ಪ ಹಗ್ಗವನ್ನು ಕಲ್ಪಿಸಿಕೊಳ್ಳಬೇಡ. ಎಷ್ಟೋ ಜನರಲ್ಲಿ ಅದು ಕೊಬ್ಬಿನ ನಡುವೆ ಹರಡಿದ ಜೇಡರ ಬಲೆಯಂತೆ ಇರುತ್ತದೆ. ನಿಮಿರುವಿಕೆಯನ್ನು ನಡೆಸುವ ಕ್ಯಾವರ್ನಸ್ ನರಗಳು ಇರುವುದು ಅಲ್ಲಿಯೇ. ಅವನ್ನು ಕತ್ತರಿಸಬೇಕೆಂದೇ ಇಲ್ಲ, ಎಳೆದರೂ ಬಿಸಿ ತಾಗಿದರೂ ಅವು ತಿಂಗಳುಗಟ್ಟಲೆ ಮಂಕಾಗಿಬಿಡುತ್ತವೆ.

ಈ ನರಗಳು ಎಲ್ಲಿವೆ ಎಂಬುದೇ ಬಹಳ ಕಾಲ ಸರಿಯಾಗಿ ತಿಳಿದಿರಲಿಲ್ಲ ಎಂದರೆ ನಂಬುತ್ತೀಯಾ? ಅವು ಗ್ರಂಥಿಯ ಒಳಗೇ ಹಾದುಹೋಗುತ್ತವೆ, ಆದ್ದರಿಂದ ಗ್ರಂಥಿ ತೆಗೆದರೆ ಅವು ಹೋಗಲೇಬೇಕು ಎಂದು ವೈದ್ಯರು ತಿಳಿದಿದ್ದರು. 1981ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಷ್ ಅವರು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ನಿವೃತ್ತ ಪ್ರಾಧ್ಯಾಪಕ ಪೀಟರ್ ಡಾಂಕರ್ ಅವರನ್ನು ಭೇಟಿಯಾದರು. ಹುಟ್ಟುವ ಮೊದಲೇ ತೀರಿಕೊಂಡ ಗಂಡು ಶಿಶುವಿನ ದೇಹದಲ್ಲಿ ಇಬ್ಬರೂ ಆ ನರಗಳ ಜಾಡು ಹಿಡಿದರು. ವಯಸ್ಕರ ದೇಹದಲ್ಲಿ ಕೊಬ್ಬು ಮತ್ತು ನಾರಿನ ಅಂಗಾಂಶ ಅವನ್ನು ಮುಚ್ಚಿಬಿಡುತ್ತದೆ, ಶಿಶುವಿನಲ್ಲಿ ಎದ್ದು ಕಾಣುತ್ತವೆ. ನರಗಳು ಗ್ರಂಥಿಯ ಹೊರಗಿದ್ದವು! ಮರುವರ್ಷ, 1982ರ ಏಪ್ರಿಲ್ 26ರಂದು, ವಾಲ್ಷ್ ಅವರು ನರಗಳನ್ನು ಉಳಿಸುವ ಉದ್ದೇಶದಿಂದಲೇ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಇದನ್ನು ಓದಿದ ದಿನ ನನ್ನ ಕಣ್ಣು ತುಂಬಿ ಬಂತು. ಹೆಸರೂ ಇಡದ ಒಂದು ಮಗು ಎಷ್ಟು ಗಂಡಸರ ಬದುಕನ್ನು ಉಳಿಸಿಕೊಟ್ಟಿದೆ ಎಂದು ಯೋಚಿಸು.

ಹಾಗಾದರೆ ನರಗಳನ್ನು ಕಣ್ಣಿಗೆ ಕಾಣಿಸುವುದೇ ಅಂದಿನಿಂದ ಇಂದಿನವರೆಗಿನ ತೊಡಕು. ಬಣ್ಣದ ಯೋಚನೆ ಹುಟ್ಟಿದ್ದು ಅದಕ್ಕಾಗಿ. ಇಲ್ಲಿ ನಿನ್ನ ಸುದ್ದಿ ಎರಡು ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದೆ.

ಒಂದು, ಇಂಡೊಸಯನೈನ್ ಗ್ರೀನ್. ಇದು ಹಳೆಯ ಬಣ್ಣ, 1950ರ ದಶಕದಿಂದ ಬಳಕೆಯಲ್ಲಿದೆ. ರಕ್ತನಾಳಕ್ಕೆ ಚುಚ್ಚಿದರೆ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಹರಿಯುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹೊಳೆಯುತ್ತದೆ, ಯಕೃತ್ತು ಅದನ್ನು ಕೆಲವೇ ನಿಮಿಷಗಳಲ್ಲಿ ಹೊರಹಾಕತೊಡಗುತ್ತದೆ. ಶಸ್ತ್ರಚಿಕಿತ್ಸೆಗೆ ಬಳಸುವ ರೋಬೋಟ್ ಯಂತ್ರದ ಕ್ಯಾಮೆರಾ ಆ ಹೊಳಪನ್ನು ಪರದೆಯ ಮೇಲೆ ಹಸಿರಾಗಿ ತೋರಿಸಬಲ್ಲದು. ಆದರೆ ಅದು ತೋರಿಸುವುದು ರಕ್ತನಾಳವನ್ನು. ಆ ನಾಳದ ಪಕ್ಕದಲ್ಲಿ ನರವಿರಬೇಕು ಎಂದು ಶಸ್ತ್ರಚಿಕಿತ್ಸಕರು ಊಹಿಸಿಕೊಳ್ಳಬೇಕು. ದಾರಿದೀಪ ಕಂಡರೆ ದಾರಿ ಅಲ್ಲಿದೆ ಎಂದುಕೊಂಡ ಹಾಗೆ.

ಎರಡನೆಯದು ನರಕ್ಕೇ ಹೋಗಿ ಅಂಟುವ ಬಣ್ಣ. ಹಸಿರು ಹೊಳೆಯುವ ಪ್ರೋಟೀನಿಗಾಗಿ 2008ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ರೋಜರ್ ಚೆನ್ ಮತ್ತು ಶಸ್ತ್ರಚಿಕಿತ್ಸಕಿ ಕ್ವಿನ್ ನುಯೆನ್ ಅವರ ತಂಡ 2011ರಲ್ಲಿ, ನರಗಳಿಗೆ ಅಂಟುವ ಪುಟ್ಟ ಪೆಪ್ಟೈಡ್‌ಗೆ, ಅಂದರೆ ಪ್ರೋಟೀನಿನ ಚಿಕ್ಕ ತುಣುಕಿನಂಥದ್ದಕ್ಕೆ, ಹೊಳೆಯುವ ಬಣ್ಣ ಕಟ್ಟಿ ಇಲಿಗಳ ನರಗಳನ್ನು ಬೆಳಗಿಸಿ ತೋರಿಸಿತು. ಅದೇ ಸಾಲಿನ ಬೆವೊನೆಸೀನ್ ಎಂಬ ಬಣ್ಣ ಮನುಷ್ಯರ ಮೇಲೂ ಪರೀಕ್ಷೆಗೆ ಒಳಗಾಯಿತು, ಆದರೆ ಮೊದಲು ತಲೆ ಮತ್ತು ಕತ್ತಿನ ಶಸ್ತ್ರಚಿಕಿತ್ಸೆಗಳಲ್ಲಿ, ಮುಖದ ನರವನ್ನು ಕಾಪಾಡಲು. ಅಮೆರಿಕದ ಒರೆಗಾನ್‌ನ ಸಂಶೋಧಕರು ಇನ್ನೊಂದು ದಾರಿ ಹಿಡಿದರು: ಬಣ್ಣವನ್ನು ಇಡೀ ಮೈಗೆ ಚುಚ್ಚುವ ಬದಲು ಪ್ರಾಸ್ಟೇಟ್ ಸುತ್ತಲಿನ ಜಾಗಕ್ಕಷ್ಟೇ ಸವರಿ, ಹೆಚ್ಚಾದದ್ದನ್ನು ತೊಳೆಯುವುದು. ಹೀಗೆ ಮಾಡಿದರೆ ತೀರ ಕಡಿಮೆ ಬಣ್ಣ ಸಾಕು. ಪ್ರಾಣಿಗಳಲ್ಲಿ ಇದು ಚೆನ್ನಾಗಿ ಕಂಡಿತು. ನನಗೆ ಬಹಳ ಹಿಡಿಸಿದ್ದು ಈ ದಾರಿ.

ಆದರೂ ಬಣ್ಣ ತೋರಿಸುತ್ತದೆಯೇ ಹೊರತು ತೀರ್ಮಾನ ಮಾಡುವುದಿಲ್ಲ. ಗಡ್ಡೆ ಗ್ರಂಥಿಯ ಹೊದಿಕೆಯನ್ನು ದಾಟಿ ನರದ ಕಡೆಗೆ ಚಾಚಿದ್ದರೆ, ನರ ಎಷ್ಟೇ ಹೊಳೆಯಲಿ, ಆ ಕಡೆಯ ಕಟ್ಟನ್ನು ತೆಗೆಯಲೇಬೇಕಾಗಬಹುದು. ಅಲ್ಲಿ ಕ್ಯಾನ್ಸರ್ ಉಳಿದರೆ ಉಳಿಸಿದ ನರದಿಂದ ಏನು ಬಂತು? ಕೆಲವೊಮ್ಮೆ ಒಂದು ಬದಿಯನ್ನಷ್ಟೇ ಉಳಿಸುತ್ತಾರೆ. ಆ ನಿರ್ಧಾರಕ್ಕೆ ನೆರವಾಗುವ ಇನ್ನೊಂದು ವಿಧಾನದಲ್ಲಿ ಬಣ್ಣವೇ ಇಲ್ಲ. ತೆಗೆದ ಗ್ರಂಥಿಯ ನರದ ಬದಿಯ ಅಂಚನ್ನು ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಹೆಪ್ಪುಗಟ್ಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಕಂಡರಷ್ಟೇ ಆ ಕಡೆ ಇನ್ನಷ್ಟು ತೆಗೆಯುತ್ತಾರೆ. ಇದಕ್ಕೆ ನ್ಯೂರೋಸೇಫ್ ಎನ್ನುತ್ತಾರೆ. 2025ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ವರ್ಷದ ನಂತರ ನಿಮಿರುವಿಕೆಯ ತೊಂದರೆ ಇಲ್ಲದವರು ಅಥವಾ ಅಲ್ಪವಾಗಿ ಇದ್ದವರು ಈ ವಿಧಾನದಲ್ಲಿ ಶೇ 39, ಸಾಮಾನ್ಯ ವಿಧಾನದಲ್ಲಿ ಶೇ 23.

ಆದ್ದರಿಂದ ಮಂಜು, ವೈದ್ಯರನ್ನು ಬಣ್ಣ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡ. ಗಡ್ಡೆ ಯಾವ ಬದಿಯಲ್ಲಿದೆ, ಹೊದಿಕೆ ದಾಟಿದೆಯೇ ಎಂದು ಕೇಳು. ಎರಡೂ ಕಡೆಯ ನರ ಉಳಿಸಲು ಸಾಧ್ಯವೇ, ನಡುವೆ ಮನಸ್ಸು ಬದಲಿಸಬೇಕಾದರೆ ಯಾವ ಆಧಾರದ ಮೇಲೆ ಬದಲಿಸುತ್ತಾರೆ ಎಂದು ಕೇಳು. ಅವರು ಸ್ವತಃ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ ಎಂದೂ ಕೇಳು, ಸಂಕೋಚ ಬೇಡ. ಇಂಡೊಸಯನೈನ್ ಗ್ರೀನ್ ಬಳಸುವುದಾದರೆ ಅಪ್ಪನಿಗೆ ಅಯೋಡಿನ್ ಅಲರ್ಜಿ ಇದೆಯೇ ಎಂಬುದನ್ನು ಮರೆಯದೆ ತಿಳಿಸು. ಇನ್ನು ಶ್ರೋಣಿಯ, ಅಂದರೆ ಕಿಬ್ಬೊಟ್ಟೆಯ ತಳದ, ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವಿದೆ. ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತುಕೊಳ್ಳಲಿ. ಆಮೇಲೆ ಮೂತ್ರ ಹೋಗಲು ಹಾಕಿದ ಕೊಳವೆಯನ್ನು (ಕ್ಯಾತಿಟರ್) ತೆಗೆದ ಬಳಿಕ ವೈದ್ಯರು ಹೇಳಿದಂತೆ ಮುಂದುವರಿಸಲಿ.

ನಿನ್ನ ಅಮ್ಮನನ್ನೂ ವೈದ್ಯರ ಕೋಣೆಗೆ ಕರೆದುಕೊಂಡು ಹೋಗು, ಹೊರಗೆ ಕೂರಿಸಬೇಡ. ಅಪ್ಪ ಈ ಸಂದೇಶ ಕೇಳಿ ಏನೂ ಮಾತನಾಡುವುದಿಲ್ಲ ಎಂದು ನನಗೆ ಗೊತ್ತು. ಸಂಜೆ ಅವನಿಗೆ ನಾನೇ ಫೋನ್ ಮಾಡುತ್ತೇನೆ, ನೀನು ಅವನನ್ನು ಒಂದು ಕೋಣೆಯಲ್ಲಿ ಒಬ್ಬನೇ ಇರಲು ಬಿಡು.