ಸಹಾಯ ಬೇಕು: ಬಿಸಿ ಪಾತ್ರೆ ಕೈಯಲ್ಲಿ ನಿಲ್ಲುತ್ತಿಲ್ಲ

ನನಗೆ ಎರಡೂ ಕೈಗೆ ಸಂಧಿವಾತ. ಹೆಬ್ಬೆರಳಿನ ಬುಡದಲ್ಲಿ ನೋವು ಜಾಸ್ತಿ, ಹಿಡಿತ ಅನ್ನೋದೇ ಇಲ್ಲ. ನಿನ್ನೆ ಆಲೂಗಡ್ಡೆ ಬೇಯಿಸಿ ನೀರು ಬಸಿಯುವಾಗ ಪಾತ್ರೆ ವಾಲಿತು. ಅರ್ಧ ನೀರು ಸಿಂಕಿಗೆ, ಇನ್ನರ್ಧ ನೆಲಕ್ಕೆ. ಒಂದು ಆಲೂಗಡ್ಡೆ ಫ್ರಿಜ್ ಕೆಳಗೆ ಉರುಳಿತು, ಇನ್ನೂ ಅಲ್ಲೇ ಇದೆ. ಕಾಲು ಸುಡಲಿಲ್ಲ, ಅದೇ ಪುಣ್ಯ.

ಡಬ್ಬಿ ಮುಚ್ಚಳದ ಕಾಟ ರಬ್ಬರ್ ಗ್ಲೌಸ್ ಹಾಕಿಕೊಂಡ ಮೇಲೆ ತಪ್ಪಿದೆ. ಬಿಸಿ ಪಾತ್ರೆಯದ್ದೇ ಸಮಸ್ಯೆ. ಎರಡು ಹಿಡಿ ಇರುವ ಪಾತ್ರೆ ತಂದೆ. ಎತ್ತಲು ಆಗುತ್ತದೆ, ಬಗ್ಗಿಸುವಾಗ ಮಣಿಕಟ್ಟು ಕೈಕೊಡುತ್ತದೆ. ಪಾತ್ರೆಯೊಳಗೆ ತಂತಿ ಬುಟ್ಟಿ ಇಟ್ಟು ಬೇಯಿಸಿ, ಬುಟ್ಟಿ ಮಾತ್ರ ಎತ್ತಿದರೆ ಸಾಕು ಅಂತಾರೆ. ಆದರೆ ಅದಕ್ಕೂ ಹಿಡಿತ ಬೇಕಲ್ವಾ?

ಕೈ ನೋವಿದ್ದೂ ಈ ಬುಟ್ಟಿ ಬಳಸಿದವರು ಯಾರಾದರೂ ಇದ್ದೀರಾ? ಇಲ್ಲ, ಪಾತ್ರೆ ಎತ್ತದೆ, ಬಗ್ಗಿಸದೆ ಬಿಸಿನೀರು ಬಸಿಯಲು ಬೇರೆ ದಾರಿ ಇದೆಯಾ?