ಪದಚರ್ಚೆ: ಹವಳದ 'ವಿರಂಜನೆ'ಯೋ 'ಬಿಳಿಚುವಿಕೆ'ಯೋ?

ಬೆಳಗಾವಿಯಿಂದ:
ವಿಜ್ಞಾನ ಮೇಳದ ಫ್ಲೆಕ್ಸ್ ಇವತ್ತು ಸಂಜೆ ಪ್ರಿಂಟಿಗೆ ಹೋಗಬೇಕು. ತಲೆಬರಹ 'ಹವಳದ ವಿರಂಜನೆ'. ಕೆಳಗಿನ ಸಾಲು: 'ಕಡಲು ಬಿಸಿಯಾದಾಗ ಒಳಗಿನ ಪಾಚಿಯ ದ್ಯುತಿಸಂಶ್ಲೇಷಣೆ ನಿಂತು ಹವಳ ಸಾಯುತ್ತದೆ.' ಸರಿ ಅದ ಏನ್ರಿ?

ವಿಜಯಪುರದಿಂದ:
ವಿರಂಜನೆ ಬ್ಯಾಡ್ರಿ, ಓದಿದವರಿಗೆ ಮನರಂಜನೆ ನೆನಪಾಗ್ತದ. 'ಬಿಳಿಚುವಿಕೆ' ಹಾಕ್ರಿ. ವಿರಂಜನೆ ಅಂದ್ರ ಚಲುವೆ ಮಾಡೋದು; ಅದು ಬಟ್ಟೆಗೆ, ಅದಕ್ಕೊಬ್ಬ ಮಾಡುವವ ಬೇಕು. ಬಿಳಿಚೋದು ತಾನಾಗಿ. ಹವಳ ಅನ್ನೋ ಕಡಲಪ್ರಾಣಿಯ ಬಣ್ಣ ಬಹುಪಾಲು ಅದರ ಮೈಯೊಳಗಿನ ಪಾಚಿಯದು. ಅದು ಹೋದಮೇಲೆ ಪಾರದರ್ಶಕ ಮೈಯೊಳಗಿಂದ ಸುಣ್ಣದ ಗೂಡು ಕಾಣ್ತದ.

ಸಾಲಿನಾಗ ತಪ್ಪು ಎರಡು. ಬಿಳಿಚಿದ ಹವಳ ಸತ್ತಿಲ್ಲ, ಉಪವಾಸ ಬಿದ್ದದ. ಅದರ ಆಹಾರದ ಶಕ್ತಿಯಲ್ಲಿ ಶೇ. 90ರವರೆಗೂ ಪಾಚಿ ಕೊಡೋದು. ಕೆಲವು ವಾರದಾಗ ನೀರು ತಣಿದರ ಪಾಚಿ ಮತ್ತ ತುಂಬಿಕೊಳ್ಳಬಹುದು. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಹೆಚ್ಚು ಶಾಖ ಸುಮಾರು 4 ವಾರ ನಿಂತರ ಬಿಳಿಚುವಿಕೆ, 8 ವಾರ ಆದರ ಸಾವಿನ ಭಯ. ಲಕ್ಷದ್ವೀಪದಾಗ 1998, 2010, 2016ರಲ್ಲಿ ಬಿಳಿಚಿದ್ದವು.

'ನಿಂತು' ಅನ್ನೋದೂ ಕೂಡದು. ಬೆಳಕು ಹೀರೋದು ನಿಲ್ಲೋದೇ ಇಲ್ಲ, ತೊಂದರೆ ಅಲ್ಲೇ ಅದ. ಬಿಸಿಗೆ ಇಂಗಾಲ ಕೂಡಿಸಿ ಸಕ್ಕರೆ ಮಾಡೋ ಕೆಲಸ ಕುಂಟತದ, ಪಾಚಿಯ ಬೆಳಕು ಬಳಸೋ ಯಂತ್ರದಾಗಿನ, ಬೆಳಕಿಗೆ ಹಾಳಾದ ಡಿ1 ಅನ್ನೋ ಪ್ರೋಟೀನಿನ ರಿಪೇರಿ ಹಿಂದ ಬೀಳ್ತದ. ಹೀರಿದ ಶಕ್ತಿಗೆ ದಾರಿ ಇಲ್ಲದಾಗಿ ಆಮ್ಲಜನಕದ ಮೇಲೆ ಹರಿದು, ಜೀವಕೋಶ ಕೆಡಿಸೋ ಉಗ್ರ ರೂಪಗಳು ಹುಟ್ಟತಾವ. ಆಗ ಹವಳ ಪಾಚಿಯನ್ನ ಹೊರಗ ಹಾಕ್ತದ. 'ಕೆಟ್ಟು' ಅಂತ ಬರೀರಿ.

ಬಾಗಲಕೋಟೆಯಿಂದ:
'ಪಾಚಿ' ತಪ್ಪು. ಪಚ್ಚೆ, ಪಸುರು, ಪಾಚಿ ಮೂರೂ ಒಂದೇ ಬೇರಿನವು, ಹವಳದೊಳಗಿನದು ಹೊಂಗಂದು. 'ಹಾವಸೆ' ಎನ್ನಿ. ದ್ಯುತಿಸಂಶ್ಲೇಷಣೆಯೂ ಬೇಡ, 'ಬೆಳಕಡುಗೆ' ಸಾಕು.

ವಿಜಯಪುರದಿಂದ:
ಬಾವಿ ಮೆಟ್ಟಿಲ ಮ್ಯಾಲಿನ ಹಾವಸೆ ಏನು ಕೆಂಪಗಿರ್ತದೇನ್ರಿ? ಎಣ್ಣೆ ಅಂದ್ರ ಎಳ್ಳಿನ ನೆಯ್. ಬೇರು ಹಿಡಿದು ಹೊಂಟರ ಶೇಂಗಾ ಎಣ್ಣೆ ಅನ್ನೋ ಹಂಗೇ ಇಲ್ಲ. ದ್ಯುತಿಸಂಶ್ಲೇಷಣೆ ಪಠ್ಯಪುಸ್ತಕದಾಗ ಅದ, ಬೆಳಕಡುಗೆ ಅಂದ್ರ ಮಕ್ಕಳು ಸೋಲಾರ್ ಕುಕ್ಕರ್ ಅಂದ್ಕೋತಾರ.

ಬಾಗಲಕೋಟೆಯಿಂದ:
ಪಠ್ಯಪುಸ್ತಕದಲ್ಲಿ ಅಚ್ಚಾದದ್ದೆಲ್ಲ ಕನ್ನಡವಾಗುವುದಿಲ್ಲ. ಸಂಸ್ಕೃತದ ಕಡ ಸಾಕು.

ವಿಜಯಪುರದಿಂದ:
ಹಂಗಾದ್ರ ಹವಳಾನೂ ವಾಪಸ್ ಕೊಡ್ರಿ. ಪ್ರವಾಳದ ತದ್ಭವ ಅದು.

ಬೆಳಗಾವಿಯಿಂದ:
ಪ್ರಿಂಟಿನವರು ಕಾಯಾಕತ್ತಾರ. ಕಳಿಸಿದ ಸಾಲು: 'ಕಡಲು ಬಿಸಿಯಾದಾಗ ಒಳಗಿನ ಪಾಚಿಯ ದ್ಯುತಿಸಂಶ್ಲೇಷಣೆ ಕೆಟ್ಟು, ಹವಳ ಅದನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ.'

ಬಾಗಲಕೋಟೆಯಿಂದ:
ಚಿತ್ರದಲ್ಲಾದರೂ ಆ ಪಾಚಿಗೆ ಹಸಿರು ಬಳಿಯಬೇಡಿ.